ಸಮುದಾಯ ಔಷಧಾಲಯದಲ್ಲಿ ಸುರಕ್ಷತೆ ಮತ್ತು ಗುಣಮಟ್ಟ: ಖರೀದಿಯಿಂದ ರೋಗಿಯ ಕೈಸೇರುವವರೆಗೆ

ಮೆಟ್‌ಫಾರ್ಮಿನ್ ಮಧುಮೇಹದ ಮಾತ್ರೆ, ಮೆಟ್ರೊನಿಡಜೋಲ್ ಸೋಂಕಿನ ಮಾತ್ರೆ ಎಂಬುದು ತಿಳಿಯದ ಫಾರ್ಮಸಿಸ್ಟ್ ಇರಲಾರರು. ಆದರೂ ಒಂದರ ಬದಲಿಗೆ ಇನ್ನೊಂದು ರೋಗಿಯ ಕೈಸೇರಿದ ಪ್ರಕರಣಗಳು ದಾಖಲಾಗಿವೆ. ಇಂಥ ತಪ್ಪಿಗೆ ಅಜ್ಞಾನ ಕಾರಣವಲ್ಲ. ಕೌಂಟರಿನ ಮುಂದೆ ಜನ ನೆರೆದಿರುವಾಗ, ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿರುವಾಗ, ಒಂದೇ ಅಕ್ಷರದಿಂದ ಆರಂಭವಾಗುವ ಎರಡು ಡಬ್ಬಿಗಳು ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುವಾಗ ಬಲ್ಲವರ ಕೈಯೇ ತಪ್ಪುತ್ತದೆ. ಎಚ್ಚರಿಕೆಯಿಂದಿರಿ ಎಂದು ಸಿಬ್ಬಂದಿಗೆ ಉಪದೇಶಿಸಿ ಇದನ್ನು ತಡೆಯಲಾಗುವುದಿಲ್ಲ. ದಣಿದವರು ಅತ್ಯಂತ ಗಡಿಬಿಡಿಯ ಹೊತ್ತಿನಲ್ಲಿ ಕೆಲಸ ಮಾಡಿದರೂ ತಪ್ಪು ಬಾಗಿಲು ದಾಟದಂತೆ ಇಡೀ ಕೆಲಸವನ್ನು ಜೋಡಿಸಿಡುವುದೇ ಔಷಧಾಲಯದ ಗುಣಮಟ್ಟ ಎಂಬ ನೆಲೆಯಿಂದ ಈ ಮಾರ್ಗದರ್ಶಿ ಹೊರಡುತ್ತದೆ.

ಈ ವಿಷಯದಲ್ಲಿ ಎಲ್ಲ ದೇಶಗಳಿಗೂ ಆಧಾರವಾಗಬಲ್ಲ ಚೌಕಟ್ಟೊಂದು ಈಗಾಗಲೇ ಇದೆ. ಅಂತರರಾಷ್ಟ್ರೀಯ ಔಷಧ ಒಕ್ಕೂಟ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು 2011ರಲ್ಲಿ ಜಂಟಿಯಾಗಿ ಪರಿಷ್ಕರಿಸಿದ ಉತ್ತಮ ಔಷಧಾಲಯ ಪದ್ಧತಿಯ ಮಾರ್ಗಸೂಚಿಯು ಔಷಧವನ್ನು ಪಡೆಯುವುದು, ಕಾಪಿಡುವುದು, ವಿತರಿಸುವುದು ಮತ್ತು ವಿಲೇವಾರಿ ಮಾಡುವುದು ಇವೆಲ್ಲವನ್ನೂ ಒಂದೇ ಹೊಣೆಗಾರಿಕೆಯ ಅಡಿಯಲ್ಲಿ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ತಡೆಯಬಹುದಾದ ಗಂಭೀರ ಹಾನಿಯನ್ನು 5 ವರ್ಷಗಳಲ್ಲಿ ಅರ್ಧಕ್ಕಿಳಿಸುವ ಜಾಗತಿಕ ಅಭಿಯಾನವನ್ನೂ ಆರಂಭಿಸಿತು. ಕಾನೂನು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಮುಂದೆ ಹೇಳಿರುವ ಯಾವುದಾದರೂ ಕ್ರಮಕ್ಕಿಂತ ಸ್ಥಳೀಯ ನಿಯಮ ಕಟ್ಟುನಿಟ್ಟಾಗಿದ್ದರೆ ಅದನ್ನೇ ಅನುಸರಿಸಬೇಕು.

ಹಂತ 1: ಕೆಲಸದ ಕ್ರಮವನ್ನು ಬರೆದಿಡಿ

ವೈದ್ಯರ ಚೀಟಿ ಕೈಗೆ ಬಂದ ಕ್ಷಣದಿಂದ ಔಷಧ ಹೊರಹೋಗುವ ತನಕ ಯಾರು ಏನು ಮಾಡುತ್ತಾರೆ ಎಂಬುದನ್ನು ಒಂದೆರಡು ಪುಟಗಳಲ್ಲಿ ಬರೆಯಿರಿ. ನಡೆಯಬೇಕಾದದ್ದನ್ನಲ್ಲ, ಮೊದಲು ನಡೆಯುತ್ತಿರುವುದನ್ನೇ ಬರೆಯಿರಿ. ಎರಡರ ನಡುವಿನ ಅಂತರ ಕಣ್ಣಿಗೆ ಬಿದ್ದಾಗಲೇ ತಿದ್ದಬೇಕಾದ ಜಾಗಗಳು ಗೊತ್ತಾಗುತ್ತವೆ. ಯಾವ ಕೆಲಸವನ್ನು ಅರ್ಹ ಫಾರ್ಮಸಿಸ್ಟ್ ಮಾತ್ರ ಮಾಡಬೇಕು, ಯಾವುದನ್ನು ಸಹಾಯಕರು ಅವರ ಮೇಲ್ವಿಚಾರಣೆಯಲ್ಲಿ ಮಾಡಬಹುದು, ಫಾರ್ಮಸಿಸ್ಟ್ ಊಟಕ್ಕೆ ಹೋದಾಗ ಏನನ್ನು ಕೊಡಬಾರದು ಎಂಬ ಮೂರು ಪ್ರಶ್ನೆಗಳಿಗೆ ಈ ಬರಹದಲ್ಲಿ ಸ್ಪಷ್ಟ ಉತ್ತರವಿರಲೇಬೇಕು. ಎಲ್ಲಿಂದಲೋ ಇಳಿಸಿಕೊಂಡ ನೂರು ಪುಟಗಳ ಕೈಪಿಡಿಯನ್ನು ಯಾರೂ ತೆರೆದು ನೋಡುವುದಿಲ್ಲ.

ಹಂತ 2: ಖರೀದಿ ಮತ್ತು ಸರಕು ಸ್ವೀಕಾರ

ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಲಾವಣೆಯಲ್ಲಿರುವ ವೈದ್ಯಕೀಯ ಉತ್ಪನ್ನಗಳಲ್ಲಿ ಸುಮಾರು 10ರಲ್ಲಿ 1 ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತು. ಇದಕ್ಕೆ ಔಷಧಾಲಯದ ಮಟ್ಟದಲ್ಲಿರುವ ಮೊದಲ ತಡೆ ಸರಳವಾದದ್ದು: ಪರವಾನಗಿ ಪಡೆದ ಸಗಟು ವ್ಯಾಪಾರಿಯಿಂದ, ಬಿಲ್ಲಿನೊಂದಿಗೆ ಮಾತ್ರ ಕೊಳ್ಳುವುದು. ಮಾಮೂಲಿಗಿಂತ ಬಹಳ ಅಗ್ಗವಾಗಿ, ಬಿಲ್ಲಿಲ್ಲದೆ, ಕೈಚೀಲದಲ್ಲಿ ಬರುವ ಸರಕನ್ನು ಪರೀಕ್ಷಿಸುವ ಗೋಜಿಗೂ ಹೋಗದೆ ಹಿಂದಕ್ಕೆ ಕಳುಹಿಸಬೇಕು.

ಪೆಟ್ಟಿಗೆ ಬಂದೊಡನೆ ಬಿಲ್ಲಿನಲ್ಲಿರುವ ಹೆಸರು, ಪ್ರಬಲತೆ (ಒಂದು ಮಾತ್ರೆ ಅಥವಾ ಅಳತೆಯಲ್ಲಿರುವ ಔಷಧದ ಪ್ರಮಾಣ), ಬ್ಯಾಚ್ ಸಂಖ್ಯೆ (ಒಟ್ಟಿಗೆ ತಯಾರಾದ ಸರಕಿನ ಗುರುತು), ಅವಧಿ ಮುಗಿಯುವ ದಿನಾಂಕ ಮತ್ತು ಪ್ರಮಾಣವನ್ನು ಸರಕಿನೊಂದಿಗೆ ತಾಳೆ ನೋಡಿ. ಹೊರಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಒಳಗಿನ ಸ್ಟ್ರಿಪ್ ಮೇಲಿನ ಸಂಖ್ಯೆ ಬೇರೆಯಾಗಿದ್ದರೆ, ಅಕ್ಷರಗಳು ಮಸುಕಾಗಿದ್ದರೆ, ಮುದ್ರೆ ಒಡೆದಿದ್ದರೆ, ಮಾತ್ರೆಯ ಬಣ್ಣ ಅಥವಾ ವಾಸನೆ ಎಂದಿನಂತಿಲ್ಲದಿದ್ದರೆ ಆ ಸರಕು ಕಪಾಟಿಗೆ ಹೋಗಬಾರದು. ಅನುಮಾನದ ಸರಕಿಗಾಗಿ ‘ಮಾರಾಟಕ್ಕಿಲ್ಲ’ ಎಂದು ಬರೆದ ಪ್ರತ್ಯೇಕ ಪೆಟ್ಟಿಗೆ ಇರಲಿ. ತಣ್ಣಗಿರಬೇಕಾದ ಔಷಧಗಳನ್ನು ಉಳಿದ ಸರಕಿನ ಎಣಿಕೆ ಮುಗಿಯುವವರೆಗೆ ಕಾಯಿಸದೆ ಮೊದಲು ಫ್ರಿಜ್‌ಗೆ ಸೇರಿಸಿ, ಆಮೇಲೆ ಕಾಗದಪತ್ರ ನೋಡಿ.

ಹಂತ 3: ದಾಸ್ತಾನು ಮತ್ತು ತಾಪಮಾನ

ಒಳ್ಳೆಯ ಔಷಧವೂ ಕೆಟ್ಟ ಜಾಗದಲ್ಲಿ ಕೆಡುತ್ತದೆ, ಮತ್ತು ಬಹಳಷ್ಟು ಸಲ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ಮಾತ್ರೆಗಳ ಲೇಬಲ್ಲಿನಲ್ಲಿ 25 ಅಥವಾ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿಡಿ ಎಂದಿರುತ್ತದೆ. ಅಂಗಡಿಯ ತಾಪಮಾನವನ್ನು ಅಳೆಯುವಾಗ ಫ್ಯಾನಿನ ಕೆಳಗಿನ ತಂಪು ಮೂಲೆಯಲ್ಲಿ ಅಳೆಯದೆ, ಬಿಸಿಲು ತಾಗುವ ಗೋಡೆಯ ಮೇಲಿನ ಕಪಾಟಿನಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ ಅಳೆಯಬೇಕು. ನೆಲಕ್ಕೆ ತಾಗಿಸಿ ಪೆಟ್ಟಿಗೆ ಇಡಬಾರದು. ಗೋಡೆಗೂ ಸರಕಿಗೂ ನಡುವೆ ಗಾಳಿಯಾಡುವಷ್ಟು ತೆರಪಿರಬೇಕು.

ಕೆಲವು ಔಷಧಗಳಿಗೆ ಅವುಗಳ ಮೂಲ ಹೊದಿಕೆಯೇ ರಕ್ಷೆ. ನಾಲಿಗೆಯ ಕೆಳಗಿಡುವ ಗ್ಲಿಸರಿಲ್ ಟ್ರೈನೈಟ್ರೇಟ್ ಮಾತ್ರೆಯಲ್ಲಿನ ಔಷಧ ಆವಿಯಾಗುವ ಗುಣದ್ದು, ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಅದನ್ನು ಬಂದ ಗಾಜಿನ ಸೀಸೆಯಲ್ಲೇ ಬಿಗಿಯಾಗಿ ಮುಚ್ಚಿ ಕೊಡಬೇಕು. ಸೋಡಿಯಂ ವಾಲ್‌ಪ್ರೋಯೇಟ್ ಮಾತ್ರೆ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿ ಕೊಡುವುದು ಸಲ್ಲದು.

ಫ್ರಿಜ್ ವಿಷಯಕ್ಕೆ ಬಂದರೆ ಹೇಳಬೇಕಾದದ್ದು ಹೆಚ್ಚಿದೆ. ಇರಬೇಕಾದ ತಾಪಮಾನ 2ರಿಂದ 8 ಡಿಗ್ರಿ. ಬಿಸಿಯೇ ಶತ್ರುವೆಂದು ಬಹಳ ಮಂದಿ ಭಾವಿಸುತ್ತಾರೆ, ಆದರೆ ಇನ್ಸುಲಿನ್‌ಗೂ ಹಲವು ಲಸಿಕೆಗಳಿಗೂ ಹೆಪ್ಪುಗಟ್ಟುವಿಕೆ ಅಷ್ಟೇ ಮಾರಕ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಸರಿಯಿದ್ದಂತೆ ಕಂಡರೂ ಬಳಸುವಂತಿಲ್ಲ. ಆದ್ದರಿಂದ ಹಿಂಗೋಡೆಗೆ ತಾಗಿಸಿ ಅಥವಾ ಫ್ರೀಜರಿನ ತಂಪುಗಾಳಿ ಬೀಳುವ ಜಾಗದಲ್ಲಿ ಔಷಧ ಇಡಬೇಡಿ. ಬಾಗಿಲಿನ ಅರೆಗಳಲ್ಲೂ ಇಡಬೇಡಿ, ಏಕೆಂದರೆ ಪ್ರತಿ ಸಲ ತೆರೆದಾಗಲೂ ಅಲ್ಲಿಯ ತಾಪಮಾನ ಏರಿಳಿಯುತ್ತದೆ. ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರನ್ನು ಕೊಂಡು, ಅದರ ಸಂವೇದಕವನ್ನು ಗ್ಲೈಕಾಲ್ ದ್ರವದ ಪುಟ್ಟ ಸೀಸೆಯಲ್ಲಿ ಅದ್ದಿಡಿ. ಆಗ ಅದು ಬಾಗಿಲು ತೆರೆದಾಗಿನ ಗಾಳಿಯ ಶಾಖವನ್ನು ತೋರಿಸದೆ, ಔಷಧದ ಸೀಸೆಯೊಳಗಿನ ಸ್ಥಿತಿಗೆ ಹತ್ತಿರವಾದ ಅಂಕಿಯನ್ನು ತೋರಿಸುತ್ತದೆ. ಬೆಳಿಗ್ಗೆ ಮತ್ತು ಸಂಜೆ ಮೂರು ಅಂಕಿಗಳನ್ನು, ಎಂದರೆ ಈಗಿನದು, ಕನಿಷ್ಠ, ಗರಿಷ್ಠ, ಬರೆದು ಥರ್ಮಾಮೀಟರಿನ ನೆನಪನ್ನು ಅಳಿಸಿ ಹೊಸದಾಗಿ ಆರಂಭಿಸಿ. ತಿಂಗಳಿಡೀ ಒಂದೇ ಪೆನ್ನಿನಲ್ಲಿ, ಒಂದೇ ಬರವಣಿಗೆಯಲ್ಲಿ, ಸಾಲುಸಾಲಾಗಿ ‘4’ ಎಂದು ತುಂಬಿದ ಪುಸ್ತಕ ಕಂಡರೆ ಅದನ್ನು ತಿಂಗಳ ಕೊನೆಯಲ್ಲಿ ಕುಳಿತು ಬರೆದದ್ದೆಂದೇ ತಿಳಿಯಬೇಕು. ನಿಜವಾದ ಫ್ರಿಜ್ ಅಷ್ಟು ಶಿಸ್ತಾಗಿ ನಡೆಯುವುದಿಲ್ಲ.

ವಿದ್ಯುತ್ ಹೋಗಿ ತಾಪಮಾನ ಮಿತಿ ದಾಟಿತೆಂದಿಟ್ಟುಕೊಳ್ಳಿ. ಆಗ ಮಾರಬಾರದು, ಆತುರದಲ್ಲಿ ಎಸೆಯಲೂಬಾರದು. ಔಷಧಗಳನ್ನು ಸರಿಯಾದ ತಾಪಮಾನಕ್ಕೆ ಸ್ಥಳಾಂತರಿಸಿ, ‘ತಡೆಹಿಡಿದಿದೆ’ ಎಂಬ ಚೀಟಿ ಅಂಟಿಸಿ, ಎಷ್ಟು ಹೊತ್ತು ಎಷ್ಟು ಡಿಗ್ರಿಯಲ್ಲಿತ್ತು ಎಂಬುದನ್ನು ಬರೆದುಕೊಂಡು ತಯಾರಕರನ್ನು ವಿಚಾರಿಸಿ ನಿರ್ಧರಿಸಬೇಕು. ಔಷಧದ ಫ್ರಿಜ್‌ನಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ ಇಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ ಎಂದುಕೊಂಡರೂ ಹೇಳಲೇಬೇಕಾಗುತ್ತದೆ.

ಹಂತ 4: ಕಪಾಟಿನ ಜೋಡಣೆ

ಅಕಾರಾದಿಯಾಗಿ ಜೋಡಿಸುವುದು ಹುಡುಕಲು ಅನುಕೂಲ, ಆದರೆ ಒಂದೇ ರೀತಿ ಕೇಳಿಸುವ ಹೆಸರುಗಳನ್ನೆಲ್ಲ ಅದು ಅಕ್ಕಪಕ್ಕಕ್ಕೇ ತರುತ್ತದೆ. ಹೈಡ್ರಾಲಜೀನ್ ಮತ್ತು ಹೈಡ್ರಾಕ್ಸಿಜೀನ್, ಕ್ಲೋನಿಡಿನ್ ಮತ್ತು ಕ್ಲೋನಾಜೆಪಾಮ್ ಇಂಥ ಜೋಡಿಗಳು. ನಿಮ್ಮ ಅಂಗಡಿಯಲ್ಲಿರುವ ಇಂಥ ಹೆಸರುಗಳ ಪಟ್ಟಿ ಮಾಡಿ, ಜೋಡಿಯಲ್ಲಿ ಒಂದನ್ನು ಬೇರೆ ಅರೆಗೆ ಕಳುಹಿಸಿ. ಕಪಾಟಿನ ಚೀಟಿಯಲ್ಲಿ ಹೆಸರಿನ ಭಿನ್ನವಾದ ಭಾಗವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಒಂದೇ ಕಂಪನಿಯ ಒಂದೇ ಬಣ್ಣದ ಡಬ್ಬಿಗಳಲ್ಲಿ 5 ಮತ್ತು 50 ಮಿಲಿಗ್ರಾಂ ಬರುವಾಗಲೂ ಇದೇ ಉಪಾಯ.

ಮೊದಲು ಅವಧಿ ಮುಗಿಯುವ ಸರಕು ಮುಂದೆ, ಆಮೇಲಿನದು ಹಿಂದೆ. ಸ್ಟ್ರಿಪ್ ಕತ್ತರಿಸಿ ಬಿಡಿ ಮಾತ್ರೆ ಕೊಡುವ ಪದ್ಧತಿ ಇರುವಲ್ಲಿ ಇನ್ನೊಂದು ಜಾಗ್ರತೆ ಬೇಕು: ಬ್ಯಾಚ್ ಸಂಖ್ಯೆ ಮತ್ತು ಅವಧಿ ಅಚ್ಚಾಗಿರುವ ತುದಿಯನ್ನು ಕೊನೆಯವರೆಗೂ ಉಳಿಸಿಕೊಂಡು ಎದುರು ತುದಿಯಿಂದ ಕತ್ತರಿಸಬೇಕು, ರೋಗಿಗೆ ಕೊಡುವ ಲಕೋಟೆಯ ಮೇಲೆ ಔಷಧದ ಹೆಸರು, ಪ್ರಬಲತೆ, ಬ್ಯಾಚ್ ಮತ್ತು ಅವಧಿ ನಾಲ್ಕನ್ನೂ ಬರೆಯಬೇಕು. ಗುರುತಿಲ್ಲದ ತುಂಡು ಸ್ಟ್ರಿಪ್ ಕಪಾಟಿಗೆ ಮರಳಿದರೆ ಅದು ಮುಂದೆ ಯಾವ ಔಷಧವಾಗಿ ಹೊರಹೋಗುವುದೋ ಹೇಳಲಾಗದು.

ಹಂತ 5: ಚೀಟಿಯನ್ನು ಓದುವುದು

ಚೀಟಿ ಓದುವುದೆಂದರೆ ಔಷಧದ ಹೆಸರನ್ನು ಗುರುತು ಹಿಡಿಯುವುದಷ್ಟೇ ಅಲ್ಲ. ರೋಗಿಯ ಹೆಸರು, ವಯಸ್ಸು, ಮಕ್ಕಳಾದರೆ ತೂಕ, ಚೀಟಿಯ ದಿನಾಂಕ, ಬರೆದವರ ಸಹಿ, ಔಷಧದ ರೂಪ, ಪ್ರಬಲತೆ, ಡೋಸ್, ಅವಧಿ ಇಷ್ಟೂ ಇವೆಯೇ ಎಂದು ನೋಡಬೇಕು. ‘1.0’ ಎಂದು ಬರೆದದ್ದು ಚುಕ್ಕೆ ಮಾಸಿದರೆ 10 ಆಗುತ್ತದೆ, ‘.5’ ಎಂದು ಬರೆದದ್ದು 5 ಆಗುತ್ತದೆ. ಆದ್ದರಿಂದ ಔಷಧಾಲಯದಲ್ಲಿ ನೀವು ಬರೆಯುವ ಲೇಬಲ್ಲಿನಲ್ಲಿ ಪೂರ್ಣಾಂಕದ ನಂತರ ಚುಕ್ಕೆ-ಸೊನ್ನೆ ಬೇಡ, ಒಂದಕ್ಕಿಂತ ಕಡಿಮೆಯಾದ ಅಂಕಿಗೆ ಮೊದಲು ಸೊನ್ನೆ ಬರೆಯುವುದನ್ನು ಮರೆಯಬಾರದು. ಇನ್ಸುಲಿನ್ ಪ್ರಮಾಣವನ್ನು ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆದೀತು.

ಆಮೇಲೆ ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳು. ಯಾವ ಔಷಧಕ್ಕಾದರೂ ಅಲರ್ಜಿ ಇದೆಯೇ? ಬೇರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ? ಮಹಿಳೆಯರಾದರೆ ಗರ್ಭಿಣಿಯೇ, ಎದೆಹಾಲು ಕುಡಿಸುತ್ತಿದ್ದಾರೆಯೇ? ಮೂತ್ರಪಿಂಡ ಅಥವಾ ಪಿತ್ತಜನಕಾಂಗದ ತೊಂದರೆ ಇದೆಯೇ? ಈ ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಟ್ರೊನಿಡಜೋಲ್ ಅಥವಾ ನೋವಿನ ಮಾತ್ರೆ ಸೇರಿ ರಕ್ತಸ್ರಾವದ ಅಪಾಯ ಏರುವುದು, ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಹೋಗುವುದು, ಜ್ವರದ ಮಾತ್ರೆಯ ಜತೆಗೆ ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದ್ದು ವಯಸ್ಕರ ದಿನದ ಗರಿಷ್ಠ ಮಿತಿಯಾದ 4 ಗ್ರಾಂ ದಾಟುವುದು ಇವೆಲ್ಲ ಸಿಕ್ಕಿಬೀಳುವುದು ಇಲ್ಲಿಯೇ. ಚೀಟಿ ಬೇಡದ ಔಷಧವನ್ನು ಬಾಯಿಮಾತಿನಲ್ಲಿ ಕೇಳಿ ಕೊಳ್ಳುವವರಿಗೂ ಈ ಪ್ರಶ್ನೆಗಳು ಅನ್ವಯಿಸುತ್ತವೆ.

ಅಸ್ಪಷ್ಟವಾದದ್ದನ್ನು ಊಹಿಸಬಾರದು. ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಅಕ್ಷರಶಃ ಮರಳಿ ಓದಿ ಹೇಳಿ, ಹೌದೆಂದ ಮೇಲೆ ಚೀಟಿಯ ಮೇಲೆ ಸಮಯ ಸಹಿತ ಗುರುತು ಹಾಕಿ. ಫೋನಿನಲ್ಲಿ 15 ಮತ್ತು 50 ಇಂಗ್ಲಿಷಿನಲ್ಲಿ ಒಂದೇ ರೀತಿ ಕೇಳಿಸುವುದರಿಂದ ‘ಒಂದು-ಐದು’, ‘ಐದು-ಸೊನ್ನೆ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಹಂತ 6: ತೆಗೆಯುವುದು, ಎಣಿಸುವುದು, ಲೇಬಲ್ ಹಾಕುವುದು

ಡಬ್ಬಿಯನ್ನು ಮೂರು ಸಲ ಓದಿ: ಕಪಾಟಿನಿಂದ ತೆಗೆಯುವಾಗ, ಎಣಿಸುವಾಗ, ಉಳಿದದ್ದನ್ನು ಮರಳಿ ಇಡುವಾಗ. ಒಬ್ಬರ ಔಷಧ ಒಂದು ಬುಟ್ಟಿಯಲ್ಲಿರಲಿ, ಬುಟ್ಟಿಗಳು ಬೆರೆಯದಿರಲಿ. ಬಿಡಿ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟದೆ ಎಣಿಕೆಯ ತಟ್ಟೆ ಬಳಸಿ, ಪ್ರತಿ ಔಷಧದ ನಂತರ ಅದನ್ನು ಒರೆಸಬೇಕು. ಪೆನಿಸಿಲಿನ್ ಗುಂಪಿನ ಮಾತ್ರೆಗಳಿಗೂ, ಮೆಥೊಟ್ರೆಕ್ಸೇಟ್‌ನಂಥ ಕೋಶನಾಶಕಗಳಿಗೂ ಬೇರೆಬೇರೆ ತಟ್ಟೆ ಬೇಕು. ತಟ್ಟೆಗೆ ಅಂಟಿದ ಪುಡಿ ಮುಂದಿನ ರೋಗಿಯ ಮಾತ್ರೆಗೆ ಹತ್ತುತ್ತದೆ.

ಪುಡಿಯ ರೂಪದಲ್ಲಿ ಬರುವ ಮಕ್ಕಳ ಆ್ಯಂಟಿಬಯಾಟಿಕ್‌ಗೆ ನೀರು ಬೆರೆಸುವಾಗ ಮೊದಲು ಸೀಸೆಯನ್ನು ತಟ್ಟಿ ಪುಡಿಯನ್ನು ಸಡಿಲಗೊಳಿಸಿ, ಕುದಿಸಿ ಆರಿಸಿದ ನೀರನ್ನು ಎರಡು ಭಾಗವಾಗಿ ಹಾಕಿ ಪ್ರತಿ ಸಲ ಚೆನ್ನಾಗಿ ಕುಲುಕಿ, ಸೂಚಿಸಿದ ಗೆರೆಗೆ ತನ್ನಿ. ಒಮ್ಮೆಗೇ ಸುರಿದರೆ ತಳದಲ್ಲಿ ಗಂಟು ಉಳಿದು ಮೊದಲ ದಿನಗಳ ಡೋಸ್ ನೀರಾಗಿಯೂ ಕೊನೆಯದು ಗಾಢವಾಗಿಯೂ ಹೋಗುತ್ತದೆ. ಬೆರೆಸಿದ ದಿನಾಂಕ ಮತ್ತು ಎಸೆಯಬೇಕಾದ ದಿನಾಂಕ ಎರಡನ್ನೂ ಸೀಸೆಯ ಮೇಲೆ ಬರೆಯಿರಿ.

ಲೇಬಲ್ಲಿನಲ್ಲಿ ‘ವೈದ್ಯರು ಹೇಳಿದಂತೆ’ ಎಂದು ಬರೆಯುವುದು ಏನನ್ನೂ ಬರೆಯದಿರುವುದಕ್ಕೆ ಸಮ. ‘ದಿನಕ್ಕೆ 2 ಬಾರಿ’ ಎನ್ನುವುದಕ್ಕಿಂತ ‘ಬೆಳಿಗ್ಗೆ ತಿಂಡಿಯ ನಂತರ 1, ರಾತ್ರಿ ಊಟದ ನಂತರ 1’ ಎನ್ನುವುದು ಸ್ಪಷ್ಟ.

ಹಂತ 7: ಎರಡನೆಯ ಕಣ್ಣು

ತೆಗೆದವರೇ ಪರೀಕ್ಷಿಸಿದರೆ, ಮೊದಲ ಸಲ ಕಂಡದ್ದನ್ನೇ ಕಣ್ಣು ಮತ್ತೆ ಕಾಣುತ್ತದೆ. ಎರಡನೆಯವರು ಮೊದಲು ಚೀಟಿ ಓದಬೇಕು, ಆಮೇಲೆ ಬುಟ್ಟಿ ನೋಡಬೇಕು. ಬುಟ್ಟಿ ನೋಡಿ ಚೀಟಿ ಓದಿದರೆ ಚೀಟಿಯೂ ಬುಟ್ಟಿಗೆ ತಕ್ಕಂತೆಯೇ ಕಾಣಿಸುತ್ತದೆ. ‘ಇದು ಅಮ್ಲೋಡಿಪಿನ್ ಅಲ್ಲವೇ?’ ಎಂದು ಅವರಿಗೆ ಉತ್ತರವನ್ನು ಹೇಳಿಕೊಡಲೂಬಾರದು. ಒಬ್ಬರೇ ಇರುವ ಅಂಗಡಿಯಲ್ಲಿ ಬುಟ್ಟಿಯನ್ನು ಪಕ್ಕಕ್ಕಿಟ್ಟು ಬೇರೊಂದು ಚಿಕ್ಕ ಕೆಲಸ ಮುಗಿಸಿ ಮರಳಿ ನೋಡಬೇಕು. ಬಾರ್‌ಕೋಡ್ ಓದುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಎಲ್ಲ ಔಷಧಗಳಿಗೂ ಈ ಎರಡನೆಯ ಪರೀಕ್ಷೆ ಸಾಧ್ಯವಾಗದಿದ್ದರೆ ಇನ್ಸುಲಿನ್, ವಾರ್ಫರಿನ್, ಮೆಥೊಟ್ರೆಕ್ಸೇಟ್, ಡಿಗಾಕ್ಸಿನ್, ಒಪಿಯಾಯ್ಡ್ ನೋವುನಿವಾರಕಗಳು ಮತ್ತು ಪುಟ್ಟ ಮಕ್ಕಳ ಎಲ್ಲ ಔಷಧಗಳಿಗಾದರೂ ಬಿಡಬಾರದು.

ಹಂತ 8: ಕೈಗೆ ಕೊಡುವುದು

‘ನೀವು ಇಂಥವರೇ?’ ಎಂದು ಕೇಳಿದರೆ ಕಿವಿ ಮಂದವಾದವರು, ಅವಸರದಲ್ಲಿರುವವರು ಹೌದೆಂದುಬಿಡುತ್ತಾರೆ. ‘ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಅಥವಾ ವಿಳಾಸ ಹೇಳಿ’ ಎಂದು ಕೇಳಿ ಎರಡು ಗುರುತುಗಳನ್ನು ತಾಳೆ ನೋಡಿ. ಚೀಲವನ್ನು ರೋಗಿಯ ಮುಂದೆ ತೆರೆದು, ಒಂದೊಂದನ್ನೇ ತೋರಿಸಿ, ಏತಕ್ಕೆಂದು ಹೇಳುವುದು ಕೊನೆಯ ಪರೀಕ್ಷೆಯೂ ಹೌದು. ‘ನನಗೆ ಬಿಪಿ ಇಲ್ಲವಲ್ಲ’ ಎಂಬ ಮಾತು ಕೇಳಿಬರುವುದು ಆಗಲೇ.

ಮೂರು ಔಷಧಗಳ ಬಗ್ಗೆ ಇಲ್ಲಿ ಬಿಡಿಸಿ ಹೇಳಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧ; ಅದನ್ನು ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಲೇಬಲ್ಲಿನಲ್ಲಿ ವಾರದ ದಿನವನ್ನು ಹೆಸರಿಸಿ, ‘ಸೋಮವಾರ ಮಾತ್ರ’ ಎಂಬಂತೆ ಬರೆಯಬೇಕು. ಎರಡನೆಯದು ಇನ್ಸುಲಿನ್: ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎರಡೂ ಬಗೆ ಸಿಗುವಲ್ಲಿ ಸೀಸೆಗೆ ಹೊಂದುವ ಸಿರಿಂಜನ್ನೇ ಕೊಡಬೇಕು. 100 ಯೂನಿಟ್‌ನ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ಮೂರನೆಯದು ಮಕ್ಕಳ ಪ್ಯಾರಾಸಿಟಮಾಲ್. 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ ಇರುತ್ತದೆ, 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಕೂಡ ಇರುತ್ತದೆ. ಕಳೆದ ಸಲದ ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸನ್ನು 5 ಮಿಲಿಲೀಟರ್ ಕುಡಿಸಿದರೆ ಮಗುವಿಗೆ 500 ಮಿಲಿಗ್ರಾಂ ಹೋಗುತ್ತದೆ. 10 ಕಿಲೋ ತೂಕದ ಮಗುವಿಗೆ ಒಂದು ಡೋಸ್‌ಗೆ ಬೇಕಾದದ್ದು 100ರಿಂದ 150 ಮಾತ್ರ. ಅಡುಗೆಮನೆಯ ಚಮಚವನ್ನು ಬಿಡಿಸಿ, ಅಳತೆಯ ಸಿರಿಂಜ್ ಕೊಟ್ಟು, ಎಳೆಯಬೇಕಾದ ಗೆರೆಯನ್ನು ಪೆನ್ನಿನಿಂದ ಗುರುತಿಸಿ ತೋರಿಸಿ.

‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಎಲ್ಲರ ಉತ್ತರವೂ ಹೌದು. ಅದರ ಬದಲು ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಮನೆಯಲ್ಲಿ ಇದನ್ನು ಹೇಗೆ ಕೊಡುತ್ತೀರಿ, ಒಮ್ಮೆ ಹೇಳಿಮ್ಮಾ’ ಎಂದು ಕೇಳಿ. ಖಾಸಗಿ ಕಾಯಿಲೆಗಳ ಮಾತನ್ನು ಕೌಂಟರಿನ ಒಂದು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಆಡಬೇಕು.

ಹಂತ 9: ನಿಯಂತ್ರಿತ ಔಷಧಗಳು

ಚಟ ಅಥವಾ ದುರ್ಬಳಕೆಯ ಅಪಾಯವಿರುವುದರಿಂದ ಕಾನೂನು ವಿಶೇಷವಾಗಿ ನಿಯಂತ್ರಿಸುವ ಔಷಧಗಳಿವು. ಇವು ಬೀಗದ ಕಪಾಟಿನಲ್ಲಿರಬೇಕು, ಕೀಲಿ ಹೊಣೆಹೊತ್ತ ಫಾರ್ಮಸಿಸ್ಟ್ ಬಳಿ ಇರಬೇಕು. ಪ್ರತಿ ಒಳಬರುವಿಕೆ ಮತ್ತು ಹೊರಹೋಗುವಿಕೆಯ ನಂತರ ಉಳಿಕೆಯನ್ನು ಪುಸ್ತಕದಲ್ಲಿ ಬರೆದು, ಕಪಾಟಿನಲ್ಲಿರುವ ಎಣಿಕೆಯೊಂದಿಗೆ ತಾಳೆ ನೋಡಬೇಕು. ಒಂದು ಮಾತ್ರೆ ಕಡಿಮೆ ಬಂದರೂ ಅಂದೇ ಹುಡುಕಬೇಕು; ತಿದ್ದುವಾಗ ಹಳೆಯ ಅಂಕಿಯನ್ನು ಅಳಿಸದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು.

ಹಂತ 10: ತಪ್ಪಿನ ಪುಸ್ತಕ

ಕೌಂಟರ್ ದಾಟುವ ಮುನ್ನ ಸಿಕ್ಕಿಬಿದ್ದ ತಪ್ಪುಗಳು ಗುಣಮಟ್ಟದ ಅತ್ಯಂತ ಅಗ್ಗದ ಪಾಠ, ಆದರೆ ಅವನ್ನು ಬರೆದಿಡುವ ಔಷಧಾಲಯಗಳು ವಿರಳ. ಒಂದು ನೋಟ್‌ಬುಕ್ ಸಾಕು: ದಿನಾಂಕ, ಹೊತ್ತು, ಏನು ಬದಲಾಗಿತ್ತು, ಯಾವ ಹಂತದಲ್ಲಿ ಸಿಕ್ಕಿತು. ಯಾರ ತಪ್ಪು ಎಂಬ ಅಂಕಣ ಬೇಡ. ಆ ಅಂಕಣವಿದ್ದರೆ ಪುಸ್ತಕ ಖಾಲಿ ಉಳಿಯುತ್ತದೆ, ಮತ್ತು ಖಾಲಿ ಪುಸ್ತಕವನ್ನು ನೋಡಿ ಮಾಲೀಕರು ತಪ್ಪುಗಳೇ ಇಲ್ಲವೆಂದು ನಂಬುತ್ತಾರೆ. ಒಂದೇ ಜೋಡಿ ಔಷಧ ಎರಡು ಸಲ ಬಂದರೆ ಕಪಾಟು ಬದಲಿಸಿ. ಒಂದೇ ಹೊತ್ತು ಮರುಕಳಿಸಿದರೆ ಆ ಹೊತ್ತಿಗೆ ಇನ್ನೊಬ್ಬರನ್ನು ನಿಲ್ಲಿಸಿ.

ತಪ್ಪು ರೋಗಿಯನ್ನು ತಲುಪಿಬಿಟ್ಟಿದ್ದರೆ ಕ್ರಮ ಬೇರೆ. ಮೊದಲು ರೋಗಿಯನ್ನು ಸಂಪರ್ಕಿಸಿ ಔಷಧ ನಿಲ್ಲಿಸಲು ಹೇಳಿ, ಎಷ್ಟು ತೆಗೆದುಕೊಂಡರೆಂದು ಕೇಳಿ, ವೈದ್ಯರಿಗೆ ತಿಳಿಸಿ, ನಡೆದದ್ದನ್ನು ಮುಚ್ಚಿಡದೆ ಹೇಳಿ ಕ್ಷಮೆ ಕೇಳಿ. ತಪ್ಪಾಗಿ ಹೋದ ಪ್ಯಾಕೆಟನ್ನು ಹಿಂಪಡೆದು ಹಾಗೆಯೇ ಇಟ್ಟುಕೊಳ್ಳಿ. ಔಷಧ ಸರಿಯಾಗಿಯೇ ಇದ್ದು ಅನಿರೀಕ್ಷಿತ ದುಷ್ಪರಿಣಾಮ ಕಂಡುಬಂದರೆ ಅದನ್ನು ದೇಶದ ಔಷಧ ಸುರಕ್ಷತಾ ವ್ಯವಸ್ಥೆಗೆ ವರದಿ ಮಾಡಬೇಕು.

ಹಂತ 11: ಅವಧಿ ಮೀರಿದವು ಮತ್ತು ಹಿಂಪಡೆಯುವಿಕೆ

ತಿಂಗಳಿಗೊಮ್ಮೆ ಕಪಾಟು ಶೋಧಿಸಿ, 3 ತಿಂಗಳೊಳಗೆ ಅವಧಿ ಮುಗಿಯುವವುಗಳಿಗೆ ಬಣ್ಣದ ಚೀಟಿ ಅಂಟಿಸಿ. ಮೂರು ತಿಂಗಳ ಔಷಧವನ್ನು ಒಟ್ಟಿಗೆ ಕೊಳ್ಳುವ ರೋಗಿಗೆ ಅಂಥ ಪ್ಯಾಕೆಟ್ ಕೊಡುವಂತಿಲ್ಲ, ಏಕೆಂದರೆ ಕೊಳ್ಳುವ ದಿನ ಅವಧಿ ಇದ್ದರೆ ಸಾಲದು, ಕೊನೆಯ ಮಾತ್ರೆ ನುಂಗುವ ದಿನವೂ ಇರಬೇಕು. ಅವಧಿ ಮೀರಿದವನ್ನು ಬಚ್ಚಲಿಗೆ ಸುರಿಯಬಾರದು, ಕಸದ ಬುಟ್ಟಿಗೂ ಹಾಕಬಾರದು. ಅಧಿಕೃತ ವಿಲೇವಾರಿಯವರಿಗೆ ಪಟ್ಟಿ ಸಹಿತ ಒಪ್ಪಿಸಬೇಕು.

2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಡೈಎಥಿಲೀನ್ ಗ್ಲೈಕಾಲ್ ಮತ್ತು ಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕಗಳು ಬೆರೆತ ನಾಲ್ಕು ಮಕ್ಕಳ ಸಿರಪ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇಂಥ ಎಚ್ಚರಿಕೆ ಬಂದ ದಿನ ಕಪಾಟಿನಲ್ಲಿರುವುದನ್ನು ತೆಗೆದಿಡುವುದು ಸುಲಭ, ಈಗಾಗಲೇ ಮನೆಗಳಿಗೆ ಹೋದದ್ದನ್ನು ಹುಡುಕುವುದು ಕಷ್ಟ. ಆ ಸಾಮರ್ಥ್ಯ ಇದೆಯೇ ಎಂದು ಮೊದಲೇ ಪರೀಕ್ಷಿಸಿ ನೋಡಿ. ವರ್ಷಕ್ಕೆ ಎರಡು ಬಾರಿಯಾದರೂ ಯಾವುದೋ ಒಂದು ಔಷಧದ ಒಂದು ಬ್ಯಾಚನ್ನು ಆರಿಸಿ, ಎಷ್ಟು ಬಂದಿತ್ತು, ಎಷ್ಟು ಉಳಿದಿದೆ, ಹೋದದ್ದು ಯಾರಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಿಬ್ಬಂದಿಗೆ ಹೇಳಿ, ಗಡಿಯಾರ ನೋಡುತ್ತಿರಿ. ಉತ್ತರ ಅರ್ಧ ದಿನವಾದರೂ ಸಿಗದಿದ್ದರೆ, ಅಥವಾ ಬಂದದ್ದಕ್ಕೂ ಹೋದದ್ದು ಮತ್ತು ಉಳಿದದ್ದರ ಮೊತ್ತಕ್ಕೂ ತಾಳೆಯಾಗದಿದ್ದರೆ, ಬ್ಯಾಚ್ ಸಂಖ್ಯೆ ಸರಕು ಸ್ವೀಕಾರದ ಹೊತ್ತಿನಲ್ಲೇ ತಪ್ಪಿಹೋಯಿತೋ ಬಿಲ್ ಮಾಡುವಾಗ ಬಿಟ್ಟುಹೋಯಿತೋ ಎಂದು ಹಿಂದಿನ ಹಂತಗಳನ್ನು ಒಂದೊಂದಾಗಿ ತೆರೆದು ನೋಡಿ, ತಿದ್ದಿ, ಮುಂದಿನ ತಿಂಗಳೇ ಬೇರೊಂದು ಬ್ಯಾಚ್ ಹಿಡಿದು ಇದೇ ಪರೀಕ್ಷೆಯನ್ನು ಮತ್ತೆ ನಡೆಸಿ.